ತಂತ್ರಾಂಶದ ಪರೀಕ್ಷಾರ್ಥ ಪ್ರತಿ ಮತ್ತು ಅರ್ಜಿದಾರರ ಮಾಹಿತಿ

ಖಾತಾ ವರ್ಗಾವಣೆ, ಸ್ವತ್ತು ನೋಂದಣಿ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆ ಹಾಗೂ ಸುತ್ತಲಿನ ಬಡಾವಣೆಗಳ ನಾಗರಿಕರ ತಿಳಿವಳಿಕೆಗಾಗಿ ಈ ವಿವರಣೆಯನ್ನು ನೀಡಲಾಗಿದೆ.

ಗಣಕೀಕೃತ ಸೇವೆಯ ತಂತ್ರಾಂಶವನ್ನು ಸಾಮಾನ್ಯವಾಗಿ ಎರಡು ಕಡೆ ಇರಿಸಲಾಗುತ್ತದೆ. ಅರ್ಜಿದಾರರು ಬಳಸುವುದು ಚಾಲ್ತಿ ವ್ಯವಸ್ಥೆ. ಅದರ ಪಡಿಯಚ್ಚಿನಂತಿರುವ ಇನ್ನೊಂದು ಪರೀಕ್ಷಾ ವ್ಯವಸ್ಥೆ. ತಂತ್ರಾಂಶದ ಬದಲಾವಣೆಗಳನ್ನು ಮೊದಲು ಇಲ್ಲಿ ಪರಿಶೀಲಿಸಿ ಅನಂತರ ಚಾಲ್ತಿಗೆ ತರಲಾಗುತ್ತದೆ. ಕ್ಲೌಡ್ ಆಧಾರಿತ ತಂತ್ರಾಂಶದಲ್ಲಿ ಚಾಲ್ತಿ ವ್ಯವಸ್ಥೆಯ ದತ್ತಾಂಶವನ್ನೆಲ್ಲ ಪರೀಕ್ಷಾ ವ್ಯವಸ್ಥೆಗೆ ನಕಲು ಮಾಡುವುದು ಬಹಳ ಸುಲಭ. ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದೂ ಇದೇ ಕಾರಣಕ್ಕೆ.

ನೈಜ ದತ್ತಾಂಶದ ಅಗತ್ಯ

ಊಹೆಯಿಂದ ಬರೆದ ಹತ್ತಾರು ಹೆಸರುಗಳನ್ನಿಟ್ಟುಕೊಂಡು ಹಳೆಯ ಬೆಂಗಳೂರಿನ ಸ್ವತ್ತು ದಾಖಲೆಗಳನ್ನು ಪರೀಕ್ಷಿಸಲಾಗದು. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು 1898ರ ಪ್ಲೇಗಿನ ಕಾಲದವು. ಒಂದು ನಿವೇಶನ ಹಲವು ತಲೆಮಾರುಗಳಲ್ಲಿ ಪಾಲಾಗಿರುವುದು, ಒಂದೇ ಖಾತೆಯಲ್ಲಿ ಅನೇಕ ವಾರಸುದಾರರಿರುವುದು, ಹಳೆಯ ಮತ್ತು ಹೊಸ ಬಾಗಿಲು ಸಂಖ್ಯೆಗಳೆರಡೂ ದಾಖಲಾಗಿರುವುದು ಇಲ್ಲಿ ಅಪರೂಪವಲ್ಲ.

ಕನ್ನಡ ಅಕ್ಷರಗಳದ್ದೇ ಒಂದು ತೊಡಕು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರ ಸಂಕೇತಗಳಲ್ಲಿರುವ ದಾಖಲೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನಪಲ್ಲಟವಾಗುವ ಸಂಭವವಿದೆ. ‘ಕೃಷ್ಣಮೂರ್ತಿ’ ಎಂಬ ಒಂದು ಹೆಸರಿನಲ್ಲೇ ಇಂತಹ ಎರಡು ಪರೀಕ್ಷೆಗಳಿವೆ. ‘ರಮಣ’ ಎಂಬ ಹೆಸರಿನಲ್ಲಿ ಒಂದೂ ಇಲ್ಲ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಸ್ವತ್ತಿನ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿರುವುದರಿಂದ, ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಕ್ರಯಪತ್ರದ ಕೆಲಸಕ್ಕೆ ಅಡ್ಡಿಯಾಗಬಹುದು. 2025ರ ಸೆಪ್ಟೆಂಬರ್‌ನಲ್ಲಿ ನಗರವು ಐದು ಪಾಲಿಕೆಗಳಾಗಿ ವಿಂಗಡಣೆಯಾದದ್ದು ಪರೀಕ್ಷೆಯ ಅಗತ್ಯವನ್ನು ಇನ್ನಷ್ಟು ಹೆಚ್ಚಿಸಿದೆ.

ಗುರುತು ಮರೆಮಾಚುವ ವಿಧಾನ

ಪರೀಕ್ಷೆಗೆ ಬೇಕಾದುದು ದಾಖಲೆಯ ಸ್ವರೂಪವೇ ಹೊರತು ವ್ಯಕ್ತಿಯ ಗುರುತಲ್ಲ. ಆದುದರಿಂದ ನಕಲು ಪ್ರತಿಯನ್ನು ಪರೀಕ್ಷಕರಿಗೆ ಒದಗಿಸುವ ಮೊದಲೇ ಹೆಸರು, ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ ಮತ್ತು ಬ್ಯಾಂಕ್ ವಿವರಗಳನ್ನು ಬದಲಾಯಿಸಬೇಕು. ಬದಲಿ ಹೆಸರಿನಲ್ಲೂ ಮೂಲದಷ್ಟೇ ಒತ್ತಕ್ಷರಗಳಿರಬೇಕು. ಒಬ್ಬ ವ್ಯಕ್ತಿಗೆ ಎಲ್ಲ ಕೋಷ್ಟಕಗಳಲ್ಲೂ ಒಂದೇ ಬದಲಿ ಹೆಸರಿರಬೇಕು. ಇಲ್ಲವಾದಲ್ಲಿ ತಂದೆಯ ಖಾತೆಗೂ ಮಗಳ ಅರ್ಜಿಗೂ ಇರುವ ಸಂಬಂಧವೇ ಕಡಿದುಹೋಗಿ, ಪರೀಕ್ಷೆ ನಿರರ್ಥಕವಾಗುತ್ತದೆ.

ಹೆಸರನ್ನು ಮಾತ್ರ ಅಳಿಸಿದರೆ ಸಾಲದು. ತಲೆಮಾರುಗಳಿಂದ ಒಂದೇ ಕುಟುಂಬ ವಾಸವಿರುವ ಬಡಾವಣೆಯಲ್ಲಿ ಅಡ್ಡರಸ್ತೆ ಮತ್ತು ಬಾಗಿಲು ಸಂಖ್ಯೆ ತಿಳಿದರೆ ಮನೆಯವರು ಯಾರೆಂಬುದನ್ನು ನೆರೆಹೊರೆಯವರು ಹೇಳಬಲ್ಲರು. ಅರ್ಜಿಗೆ ಲಗತ್ತಿಸಿದ ಕ್ರಯಪತ್ರ, ವಂಶವೃಕ್ಷಗಳ ಸ್ಕ್ಯಾನ್ ಪ್ರತಿಗಳು ಹಲವೊಮ್ಮೆ ಗಮನಕ್ಕೆ ಬಾರದೆ ಹಾಗೆಯೇ ನಕಲಾಗುತ್ತವೆ. ಕೋಷ್ಟಕದಲ್ಲಿ ಮರೆಮಾಚಿದ ಹೆಸರು ಲಗತ್ತಿನಲ್ಲಿ ಸ್ಪಷ್ಟವಾಗಿ ಉಳಿದುಬಿಡುತ್ತದೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಅಡಿಯಲ್ಲಿ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಹೊರಡಿಸಲಾಗಿದ್ದು, ಅಧಿನಿಯಮವು ಹಂತಹಂತವಾಗಿ ಜಾರಿಗೆ ಬರುತ್ತದೆ. ವೈಯಕ್ತಿಕ ದತ್ತಾಂಶಕ್ಕೆ ಸೂಕ್ತ ಭದ್ರತೆ ಒದಗಿಸುವುದು ಅದರ ಮುಖ್ಯ ಕರ್ತವ್ಯಗಳಲ್ಲೊಂದು. ನಕಲಿನಲ್ಲಿರುವುದೂ ವೈಯಕ್ತಿಕ ದತ್ತಾಂಶವೇ.

ಅರ್ಜಿದಾರರು ಗಮನಿಸಬೇಕಾದುದು

ಪ್ರತಿ ತೆಗೆದ ದಿನ ತಮ್ಮ ಅರ್ಜಿ ಯಾವ ಹಂತದಲ್ಲಿತ್ತೋ ಪರೀಕ್ಷಾ ವ್ಯವಸ್ಥೆಯಲ್ಲಿ ಅದೇ ಹಂತದಲ್ಲಿ ನಿಂತಿರುತ್ತದೆ. ಮೊಬೈಲ್ ಸಂಖ್ಯೆಗಳನ್ನು ಬದಲಾಯಿಸದೆ, ಎಸ್.ಎಂ.ಎಸ್. ಸಂಪರ್ಕವನ್ನು ಕಡಿತಗೊಳಿಸದೆ ಪರೀಕ್ಷೆ ನಡೆಸಿದಲ್ಲಿ, ‘ತಮ್ಮ ಅರ್ಜಿ ತಿರಸ್ಕೃತವಾಗಿದೆ’ ಎಂಬಂತಹ ಸಂದೇಶ ನಿಜವಾದ ಅರ್ಜಿದಾರರಿಗೇ ತಲುಪಬಹುದು. ಅನಿರೀಕ್ಷಿತ ಸಂದೇಶ ಬಂದಲ್ಲಿ ಅದರಲ್ಲಿರುವ ಕೊಂಡಿಯನ್ನು ಒತ್ತದೆ, ಸೇವೆಯ ಅಧಿಕೃತ ಜಾಲತಾಣವನ್ನು ನೇರವಾಗಿ ತೆರೆದು ಅರ್ಜಿಯ ಸ್ಥಿತಿಯನ್ನು ನೋಡಿಕೊಳ್ಳುವುದು. ಜಾಲತಾಣದ ವಿಳಾಸದಲ್ಲಿ ‘ಟೆಸ್ಟ್’ ಅಥವಾ ‘ಯು.ಎ.ಟಿ.’ ಎಂದಿದ್ದರೆ ಅಲ್ಲಿ ಅರ್ಜಿ ಸಲ್ಲಿಸಬಾರದು, ಶುಲ್ಕ ಪಾವತಿಸಬಾರದು. ಮುಂದಿನ ಬಾರಿ ಹೊಸ ಪ್ರತಿ ತಂದಾಗ ಅಲ್ಲಿನ ನಮೂದುಗಳೆಲ್ಲ ಅಳಿಸಿಹೋಗುತ್ತವೆ.

ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಸ್ವೀಕೃತಿಯೊಂದಿಗೆ ನೀಡುವ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯನ್ನು ಕಾಲಮಿತಿಯ ಲೆಕ್ಕಕ್ಕಾಗಿ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಹೊಸ ತಂತ್ರಾಂಶವನ್ನು ಬಳಸಿ ನೋಡುವಂತೆ ಕಚೇರಿಯು ಸಾರ್ವಜನಿಕರನ್ನು ಆಹ್ವಾನಿಸಿದಾಗ ಸ್ವಂತ ಆಧಾರ್ ಅಥವಾ ಕ್ರಯಪತ್ರವನ್ನು ನೀಡಬೇಕಾಗಿಲ್ಲ; ಮಾದರಿ ದಾಖಲೆಗಳನ್ನು ಕೇಳಿ ಪಡೆಯಬಹುದು. ಬೇರೊಬ್ಬರ ವಿವರಗಳು ತಮ್ಮ ಪರದೆಯ ಮೇಲೆ ಕಂಡುಬಂದಲ್ಲಿ ಅವನ್ನು ಯಾರಿಗೂ ಕಳುಹಿಸದೆ, ದಿನಾಂಕ ಮತ್ತು ಸಮಯವನ್ನು ನಮೂದಿಸಿ ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ತಿಳಿಸಲು ಕೋರಿದೆ. ಸುಳ್ಳು ಸಂದೇಶವನ್ನು ನಂಬಿ ಹಣ ಕಳೆದುಕೊಂಡಿದ್ದಲ್ಲಿ ವಿಳಂಬ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡುವುದು.