‘ಕಾರ್ನ್‌ವಾಲ್‌ನ ಪತ್ರಿಕೆಗಳೂ ದಯವಿಟ್ಟು ಪ್ರಕಟಿಸಲಿ’

ಹತ್ತೊಂಬತ್ತನೇ ಶತಮಾನದ ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ಸಾಮಾನ್ಯರ ಸಾವಿನ ಪ್ರಕಟಣೆ ಎರಡು ಮೂರು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಹೆಸರು, ವಯಸ್ಸು, ಊರು, ಯಾರ ಹೆಂಡತಿ ಅಥವಾ ಯಾರ ಮಗ, ಇಷ್ಟೇ. ಆದರೆ ಕೆಲವು ಮನೆಯವರು ಕೊನೆಗೆ ಇನ್ನೊಂದು ಪುಟ್ಟ ಕೋರಿಕೆ ಸೇರಿಸುತ್ತಿದ್ದರು: ‘ಕಾರ್ನ್‌ವಾಲ್‌ನ ಪತ್ರಿಕೆಗಳೂ ದಯವಿಟ್ಟು ಪ್ರಕಟಿಸಲಿ’. ಒಬ್ಬರು ಇಂಗ್ಲೆಂಡಿನ ಕಾರ್ನ್‌ವಾಲ್ ಎಂದರೆ ಇನ್ನೊಬ್ಬರು ಐರ್ಲೆಂಡಿನ ಕಾರ್ಕ್ ಎನ್ನುತ್ತಿದ್ದರು, ಮತ್ತೊಬ್ಬರು ಸ್ಕಾಟ್ಲೆಂಡಿನ ಗ್ಲಾಸ್ಗೊ. ಅಪರೂಪಕ್ಕೆ ‘ಇಂಡಿಯಾದ ಪತ್ರಿಕೆಗಳು’ ಅಂತಲೂ ಇರುತ್ತಿತ್ತು.

ಆಗ ಪತ್ರಿಕೆಗಳು ಹಡಗಿನಲ್ಲಿ ಊರಿಂದೂರಿಗೆ ಹೋಗುತ್ತಿದ್ದವು. ಒಂದರಲ್ಲಿ ಬಂದದ್ದನ್ನು ಇನ್ನೊಂದು ಎತ್ತಿ ಹಾಕಿಕೊಳ್ಳುವುದು ಸಾಮಾನ್ಯವಾಗಿತ್ತು. ಸಮುದ್ರದಾಚೆ ಮಗಳು ತೀರಿಕೊಂಡದ್ದು ಊರಲ್ಲೇ ಉಳಿದ ತಾಯಿಗೋ ಅಣ್ಣನಿಗೋ ತಿಳಿಯಬೇಕಲ್ಲ, ಅದಕ್ಕೆ ಆ ಸಾಲು. ಸುದ್ದಿ ತಲುಪುವ ಹೊತ್ತಿಗೆ ವಾರಗಳೋ ತಿಂಗಳುಗಳೋ ಕಳೆದಿರುತ್ತಿದ್ದವು. ತಲುಪದೇ ಹೋದದ್ದೂ ಎಷ್ಟಿರಬೇಕು!

ಇವತ್ತು ವಂಶದ ಬೇರು ಹುಡುಕುವವರಿಗೆ ಈ ಸಾಲಿನಷ್ಟು ಬೆಲೆಬಾಳುವ ಸುಳಿವು ಕಡಿಮೆ. ಸರ್ಕಾರಿ ಕಡತದಲ್ಲಿ ಹುಟ್ಟೂರಿನ ಕಾಲಂನಲ್ಲಿ ಎಷ್ಟೋ ಸಲ ‘ಇಂಗ್ಲೆಂಡ್’ ಅಥವಾ ‘ಐರ್ಲೆಂಡ್’ ಎಂದಷ್ಟೇ ಬರೆದಿರುತ್ತದೆ. ಅಷ್ಟನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು? ಕಾರ್ಕ್ ಎಂದು ಗೊತ್ತಾದರೆ ಅಲ್ಲಿನ ಚರ್ಚುಗಳ ದಾಖಲೆ ತಡಕಬಹುದು. ಸತ್ತವರ ಬಂಧುಗಳು ಯಾರದೋ ಕಣ್ಣಿಗೆ ಬೀಳಲಿ ಎಂದು ಹಾಕಿಸಿದ ಸಾಲು, ನೂರೈವತ್ತು ವರ್ಷ ತಡವಾಗಿ ಮರಿಮಗಳ ಮಗಳನ್ನು ಮುಟ್ಟುತ್ತದೆ.

ಇದೆಲ್ಲ ಮನೆಯಲ್ಲಿ ಕೂತು ಹುಡುಕಲು ಸಿಗುವುದು ‘ಟ್ರೋವ್’ ಎಂಬ ಜಾಲತಾಣದಲ್ಲಿ. ಕ್ಯಾನ್ಬೆರಾದಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಇದನ್ನು ನಡೆಸುತ್ತದೆ. ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್‌ಗಳನ್ನು ಸ್ಕ್ಯಾನ್ ಮಾಡುವ ದೊಡ್ಡ ಕೆಲಸ 2007ರ ಸುಮಾರಿಗೆ ಶುರುವಾಯಿತು, 2009ರಲ್ಲಿ ಟ್ರೋವ್ ಬಂತು. ಎರಡು ಕೋಟಿಗೂ ಹೆಚ್ಚು ಪತ್ರಿಕಾ ಪುಟಗಳು ಈಗ ಅದರಲ್ಲಿವೆ. ನೋಡುವುದಕ್ಕೆ ಕಾಸು ಕೊಡಬೇಕಿಲ್ಲ. ಬ್ರಿಟನ್ನಿನಲ್ಲಿ ಇಂಥದ್ದೇ ಕೆಲಸ ಮಾಡುವ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನ ಹೆಚ್ಚಿನ ಪುಟಗಳಿಗೆ ಚಂದಾ ಕಟ್ಟಬೇಕು.

ಟ್ರೋವ್‌ನ ಪತ್ರಿಕೆಗಳಲ್ಲಿ ಎಲ್ಲಕ್ಕಿಂತ ಹಳೆಯದು 1803ರ ಮಾರ್ಚ್ 5ರಂದು ಹೊರಬಂದ ‘ಸಿಡ್ನಿ ಗೆಜೆಟ್’. ಅದನ್ನು ಅಚ್ಚು ಹಾಕಿದ ಜಾರ್ಜ್ ಹೌ ಒಬ್ಬ ಕೈದಿ. ವೆಸ್ಟ್ ಇಂಡೀಸಿನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಮುದ್ರಕನ ಮಗನಾಗಿ ಹುಟ್ಟಿ, ಲಂಡನ್ನಿಗೆ ಬಂದು ಅಚ್ಚಿನ ಕೆಲಸ ಮಾಡಿಕೊಂಡಿದ್ದವನು ಅಂಗಡಿ ಕಳ್ಳತನದ ಆರೋಪದಲ್ಲಿ ಸಿಕ್ಕಿಬಿದ್ದ. 1799ರಲ್ಲಿ ಮರಣದಂಡನೆಯ ತೀರ್ಪಾಯಿತು, ಆಮೇಲೆ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದರು. ಜೊತೆಗೆ ಹೊರಟ ಹೆಂಡತಿ ಹಡಗಿನಲ್ಲೇ ತೀರಿಕೊಂಡಳು. 1800ರ ಕೊನೆಗೆ ಸಿಡ್ನಿಯಲ್ಲಿ ಇಳಿದ. 1788ರಲ್ಲಿ ಮೊದಲ ಹಡಗುಗಳ ಜೊತೆ ಬಂದ ಅಚ್ಚಿನ ಯಂತ್ರ ಅಲ್ಲಿತ್ತು, ಅದನ್ನು ನಡೆಸಬಲ್ಲವರು ಸಿಗದೆ ವರ್ಷಗಟ್ಟಲೆ ಸುಮ್ಮನೆ ಬಿದ್ದಿತ್ತು. ಆ ಯಂತ್ರದಲ್ಲಿ, ಕಾಗದ ಮಸಿ ಎರಡಕ್ಕೂ ಪರದಾಡುತ್ತಾ, ಗವರ್ನರ್ ಕಚೇರಿಯ ಕಣ್ಗಾವಲಿನಲ್ಲಿ ಹೌ ವಾರಪತ್ರಿಕೆ ನಡೆಸಿದ. 1806ರಲ್ಲಿ ಕ್ಷಮಾದಾನ ಸಿಕ್ಕಿತು. 1821ರಲ್ಲಿ ಅವನು ಸತ್ತಾಗ ಪತ್ರಿಕೆ ಮಗ ರಾಬರ್ಟ್‌ನ ಕೈಗೆ ಬಂತು. ಕೈದಿಗಳ ವಂಶಸ್ಥರು ಇಂದು ತಮ್ಮವರ ಹೆಸರು ಹುಡುಕುತ್ತಿರುವುದು ಒಬ್ಬ ಕೈದಿ ಅಚ್ಚುಮೊಳೆ ಜೋಡಿಸಿದ ಪುಟಗಳಲ್ಲಿ. ಇದನ್ನು ಓದಿದಂದಿನಿಂದ ಆ ಪತ್ರಿಕೆಯ ಮೇಲೆ ನನಗೆ ಬೇರೆಯೇ ಒಂದು ಮಮತೆ.

ಸ್ಕ್ಯಾನ್ ಮಾಡಿದ ಪುಟ ಬರೀ ಚಿತ್ರ. ಅದರೊಳಗಿನ ಅಕ್ಷರವನ್ನು ಗುರುತಿಸಿ ಪಠ್ಯ ಮಾಡಿಕೊಡುವುದು ಒಸಿಆರ್ ಎಂಬ ತಂತ್ರಾಂಶ. ಸವೆದ ಮೊಳೆ, ಹರಡಿದ ಮಸಿ, ಮಡಿಕೆಯ ಗೆರೆ ಸಿಕ್ಕಿದ ಕಡೆ ಅದು ಎಡವುತ್ತದೆ. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳು ತಾಗಿಕೊಂಡರೆ ಎಮ್ ಎಂದು ಓದಿಬಿಡುತ್ತದೆ. ಅಲ್ಲಿಗೆ ‘ಬರ್ನ್ಸ್’ ಮನೆತನದವರು ‘ಬಮ್ಸ್’ ಆದರು. ಮುತ್ತಜ್ಜ ಆ ಪುಟದಲ್ಲೇ ಇದ್ದರೂ ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ.

ಟ್ರೋವ್ ಇಲ್ಲಿ ಮಾಡಿದ್ದು ಧೈರ್ಯದ ಕೆಲಸ. ತಿದ್ದುವ ಅಧಿಕಾರವನ್ನು ಓದುಗರಿಗೇ ಕೊಟ್ಟಿತು. ಪರದೆಯ ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಯಂತ್ರ ಓದಿದ ಸಾಲುಗಳು. ತಪ್ಪಿದ ಸಾಲಿನ ಮೇಲೆ ಕ್ಲಿಕ್ ಮಾಡಿ, ಚಿತ್ರ ನೋಡಿಕೊಂಡು ಸರಿಪಡಿಸಿ ಉಳಿಸಿದರಾಯಿತು. ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಜನ ಬೇಕಂತಲೇ ಕೆಡಿಸಿಬಿಟ್ಟರೆ ಎಂಬ ಹೆದರಿಕೆ ಮೊದಲಿತ್ತು. ಹಾಗಾಗಲಿಲ್ಲ. ಇಲ್ಲಿಯವರೆಗೆ ತಿದ್ದಿದ ಸಾಲುಗಳನ್ನು ಹತ್ತಾರು ಕೋಟಿಗಳಲ್ಲಿ ಎಣಿಸಬೇಕು. ಸ್ವಂತ ಅಜ್ಜಿಯ ಮದುವೆ ಸುದ್ದಿ ಹುಡುಕಿಕೊಂಡು ಬಂದವರು, ಅದು ಸಿಕ್ಕಿದ ಮೇಲೆ ಅದೇ ಕಾಲಂನಲ್ಲಿರುವ ಯಾರದೋ ಅಜ್ಜಿಯ ಹೆಸರನ್ನೂ ತಿದ್ದಿಟ್ಟು ಹೋಗುತ್ತಾರೆ. ಕಾಫಿ ಮುಗಿಸಿ ದಿನಾ ಒಂದಷ್ಟು ಸಾಲು ತಿದ್ದುವುದನ್ನೇ ವ್ರತ ಮಾಡಿಕೊಂಡ ಹಿರಿಯರೂ ಇದ್ದಾರೆ.

ಹುಡುಕುವುದರಲ್ಲೂ ಕೆಲವು ಪಟ್ಟುಗಳಿವೆ. ಮದುವೆಯಾದ ಹೆಣ್ಣುಮಕ್ಕಳನ್ನು ಅವರ ಸ್ವಂತ ಹೆಸರಿನಲ್ಲಿ ಹುಡುಕಿದರೆ ಎಷ್ಟೋ ಸಲ ಬರಿಗೈ, ಅವರು ‘ಮಿಸೆಸ್ ಜಾನ್ ಇಂಥವರು’ ಎಂದು ಗಂಡನ ಹೆಸರಿನಡಿ ಅಡಗಿರುತ್ತಾರೆ. ಹೆಸರು ಸೋತ ಕಡೆ ಬೀದಿಯ ಹೆಸರೋ ತೋಟದ ಹೆಸರೋ ಬಂದ ಹಡಗಿನ ಹೆಸರೋ ಗೆಲ್ಲಿಸಬಹುದು. ಮನೆವಾರ್ತೆಯ ಪ್ರಕಟಣೆಗಳಿಗೆಂದೇ ಟ್ರೋವ್‌ನಲ್ಲಿ ಬೇರೆ ವಿಭಾಗವಿದೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ವರ್ಷಾಬ್ದಿಕದ ಸ್ಮರಣೆಗಳು. ಮೊದಲ ಮಹಾಯುದ್ಧದಲ್ಲಿ ಸತ್ತ ಹುಡುಗನಿಗೆ ವರ್ಷ ವರ್ಷವೂ ನಾಲ್ಕು ಸಾಲಿನ ಪದ್ಯ, ಕೆಳಗೆ ‘ಹಾಕಿಸಿದವರು: ಪ್ರೀತಿಯ ಅಕ್ಕ ಮತ್ತು ಭಾವ’ ಎಂದು ಹೆಸರು. ಆ ಕೊನೆಯ ಸಾಲಿನಿಂದ ಅಕ್ಕ ಯಾವ ಮನೆ ಸೇರಿದಳು, ಆಮೇಲೆ ಯಾವ ಊರಿಗೆ ಹೋದಳು, ಎಲ್ಲ ಗೊತ್ತಾಗುತ್ತದೆ. ಒಂದು ವರ್ಷದಿಂದ ‘ತಾಯಿ’ ಎಂಬ ಹೆಸರು ಕಾಣದಿದ್ದರೆ ಅದೂ ಒಂದು ಸುದ್ದಿಯೇ.

ಇಷ್ಟೆಲ್ಲ ಇದ್ದೂ 2023ರ ಆರಂಭದಲ್ಲಿ ಟ್ರೋವ್ ಮುಚ್ಚುವ ಮಾತು ಬಂದಿತ್ತು. ಜೂನ್ ದಾಟಿದರೆ ನಡೆಸಲು ಹಣವಿಲ್ಲ ಎಂಬ ಸ್ಥಿತಿ. ಬಳಸುವವರು ಗಟ್ಟಿಯಾಗಿ ಕೂಗೆಬ್ಬಿಸಿದರು. ಏಪ್ರಿಲಿನಲ್ಲಿ ಅಲ್ಲಿನ ಸರ್ಕಾರ ನಾಲ್ಕು ವರ್ಷಕ್ಕೆ 3.3 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುವುದಾಗಿ ಘೋಷಿಸಿತು. ಹಣ ಸಿಕ್ಕರೂ, ಹಕ್ಕುಸ್ವಾಮ್ಯದ ಕಾರಣಕ್ಕೆ ಟ್ರೋವ್‌ನಲ್ಲಿರುವ ಹೆಚ್ಚಿನ ಪತ್ರಿಕೆಗಳು ಈಗಲೂ 1954ಕ್ಕೇ ನಿಲ್ಲುತ್ತವೆ.

ಕಾರ್ನ್‌ವಾಲ್ ಎಂದಾಗ ನಮ್ಮ ಕೋಲಾರದ ಚಿನ್ನದ ಗಣಿಗಳ (ಕೆಜಿಎಫ್) ನೆನಪಾಗದೆ ಇರದು. ಇಂಗ್ಲೆಂಡಿನ ಆ ಮೂಲೆಯ ಗಣಿಯವರು ದಕ್ಷಿಣ ಆಸ್ಟ್ರೇಲಿಯಾದ ಮೂಂಟಾದ ತಾಮ್ರದ ಗಣಿಗಳಿಗೂ ಹೋದರು, 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಕೆಜಿಎಫ್‌ಗೂ ಬಂದರು. ಮುಂದೆ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆತನಗಳಲ್ಲಿ ಹಲವು ಆಸ್ಟ್ರೇಲಿಯಾಕ್ಕೆ ವಲಸೆ ಹೋದವು. ಅಲ್ಲಿಗೆ ಹೋದ ಮೇಲಿನ ಕಥೆಗೆ, 1954ರವರೆಗಾದರೂ, ಟ್ರೋವ್ ಇದೆ. ವಲಸೆ ಹೋಗುವ ಮುಂಚಿನದಕ್ಕೆ, ಬ್ರಿಟಿಷ್ ಇಂಡಿಯಾದಲ್ಲಿದ್ದವರ ವಂಶಸ್ಥರು 1998ರಲ್ಲಿ ಕಟ್ಟಿಕೊಂಡ ‘ಫಿಬಿಸ್’ ಸಂಘದ ಸ್ವಯಂಸೇವಕರು ಹಳೆಯ ಪತ್ರಿಕೆಗಳ ಜನನ, ಮದುವೆ, ಮರಣದ ಪ್ರಕಟಣೆಗಳನ್ನು ಪಟ್ಟಿ ಮಾಡಿಡುತ್ತಿದ್ದಾರೆ. ದೊರೆಗಳ ಮನೆಯವರಿಗೆ ಹೀಗೆ ಒಂದು ದಾರಿ ಉಂಟು. ಸಾವಿರಾರು ಅಡಿ ಆಳದಲ್ಲಿ ಬಂಡೆ ಸಿಡಿದು ಸತ್ತ ತಮಿಳು, ತೆಲುಗು, ಕನ್ನಡದ ಕೂಲಿಗಳು ಆ ಕಾಲದ ಇಂಗ್ಲಿಷ್ ವರದಿಗಳಲ್ಲಿ ಬಹುಪಾಲು ಬರೀ ಸಂಖ್ಯೆ. ಅವರ ಮೊಮ್ಮಕ್ಕಳು ಯಾವ ಹೆಸರು ಹಾಕಿ ಹುಡುಕಬೇಕು?

ನಮ್ಮ ಪತ್ರಿಕೆಗಳ ಕಥೆಗೆ ಬರೋಣ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಪಾದ್ರಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಆ ದಿನವನ್ನು ನಾವು ಪತ್ರಿಕಾ ದಿನ ಎಂದು ಆಚರಿಸುತ್ತೇವೆ, ಭಾಷಣವೂ ಆಗುತ್ತದೆ. ಆಮೇಲಿನ ನೂರೆಂಬತ್ತು ವರ್ಷಗಳಲ್ಲಿ ಊರೂರಿನಲ್ಲಿ ಹುಟ್ಟಿ ಮುಚ್ಚಿದ ಪತ್ರಿಕೆಗಳನ್ನು ಹೆಸರು ಹಾಕಿ ಹುಡುಕುವಂಥ ಒಂದು ಜಾಗ ಕನ್ನಡಕ್ಕೆ ಬೇಕು. ಮುಟ್ಟಿದರೆ ಪುಡಿಯಾಗುವ ನ್ಯೂಸ್‌ಪ್ರಿಂಟ್ ತುಂಬಾ ದಿನ ಕಾಯುವುದಿಲ್ಲ.

ನಮ್ಮ ಪತ್ರಿಕೆಗಳಲ್ಲಿ ವಂಶವೃಕ್ಷಕ್ಕೆ ಬೇಕಾದ ಸರಕು ಆಸ್ಟ್ರೇಲಿಯಾದ ಪತ್ರಿಕೆಗಳಿಗಿಂತ ಹೆಚ್ಚೇ ಇದೆ ಎನ್ನುವುದು ನನ್ನ ನಂಬಿಕೆ. ವೈಕುಂಠ ಸಮಾರಾಧನೆಯದೋ ಉತ್ತರಕ್ರಿಯೆಯದೋ ಒಂದು ಜಾಹೀರಾತು ನೋಡಿ. ಮೇಲೆ ಫೋಟೊ, ಹುಟ್ಟಿದ ಮತ್ತು ತೀರಿಕೊಂಡ ತಾರೀಕು. ಕೆಳಗೆ ‘ದುಃಖತಪ್ತರು’ ಎಂದು ಹೆಂಡತಿ, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಕೊನೆಗೆ ಮನೆಯ ವಿಳಾಸ. ಮೂರು ತಲೆಮಾರು ಒಂದೇ ಚೌಕದಲ್ಲಿ.

ಕನ್ನಡವನ್ನು ಓದುವ ಒಸಿಆರ್ ಈಗ ಇದೆ. ಆದರೆ ಹಳೆಯ ಅಚ್ಚಿನಲ್ಲಿ ಸಾಲಿನ ಕೆಳಗೆ ಇಳಿಯುವ ಒತ್ತಕ್ಷರ ಮುಂದಿನ ಸಾಲಿಗೆ ತಾಗಿರುತ್ತದೆ. ಮಸಿ ಹರಡಿದ ಕಡೆ ‘ಪ’ ಯಾವುದು ‘ಷ’ ಯಾವುದು ಎಂದು ಯಂತ್ರಕ್ಕೆ ಬಗೆಹರಿಯುವುದಿಲ್ಲ. ಮನುಷ್ಯರ ಕಣ್ಣು ಬೇಕೇ ಬೇಕು. ಅಂಥ ಕಣ್ಣು ನಮ್ಮಲ್ಲಿದೆ. ಮೊಳೆ ಜೋಡಿಸುವ ಕಾಲದಲ್ಲಿ ರಾತ್ರಿಪಾಳಿಯಲ್ಲಿ ಕರಡು ತಿದ್ದಿದವರು, ಎಂಥ ಹಾಳಾದ ಅಚ್ಚಿನಲ್ಲೂ ‘ಪ’ ಮತ್ತು ‘ಷ’ವನ್ನು ಥಟ್ಟನೆ ಗುರುತಿಸಬಲ್ಲವರು, ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ, ಮಂಗಳೂರಿನಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತು ದಾಟಿದೆ.