ಒಂದು ಪ್ರಶ್ನೆಯ ಪೂರ್ವಚರಿತ್ರೆ

ತುಂಗಭದ್ರಾ (ಟಿ.ಬಿ.) ಡ್ಯಾಮಿನ ವಸತಿಗಳಲ್ಲಾಗಲಿ, ಕಂಪ್ಲಿಯ ಕಬ್ಬಿನ ಗದ್ದೆಗಳ ನಡುವಣ ಹಳ್ಳಿಗಳಲ್ಲಾಗಲಿ, ಸಂಡೂರಿನ ಗಣಿಯೂರುಗಳಲ್ಲಾಗಲಿ, ತುಂಬುಬಸುರಿಯ ತಾಯಿ ಕಾರ್ಡನ್ನು ಕೈಗೆತ್ತಿಕೊಂಡ ಆಶಾ ಕಾರ್ಯಕರ್ತೆಯು, ಕಾಲಿನ ಬಾವನ್ನು ಬೆರಳಿನಿಂದ ಒತ್ತಿ ನೋಡಿ, ತಲೆನೋವನ್ನು ವಿಚಾರಿಸಿ, ಬಳಿಕ "ಕಣ್ಣು ಮಂಜು ಮಂಜು ಆಗ್ತೈತೇನವ್ವ?" ಎಂದು ಕೇಳುವ ಪ್ರಶ್ನೆಯ ಹಿಂದೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಚರಿತ್ರೆಯುಂಟು.

1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೆವರ್, ಸೆಳವಿಗೀಡಾದ ಗರ್ಭಿಣಿಯರ ಮೂತ್ರದಲ್ಲಿ ಆಲ್ಬುಮಿನ್ ಇರುವುದನ್ನು ಗುರುತಿಸಿದನು. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ಲೋಕಕ್ಕೆ ನೀಡಿದ ಮೇಲೆ, ನಂಜೇರಿದ ಬಸುರಿಯಲ್ಲಿ ಅಕ್ಷಿಪಟಲವು ತನ್ನ ನೆಲೆಯಿಂದ ಕಳಚುವುದನ್ನು ಬರ್ಲಿನ್ನಿನ ಫಾನ್ ಗ್ರೇಫೆ 1855ರಲ್ಲಿ ವರ್ಣಿಸಿದನು. ರಟ್ಟೆಗೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನು ಅಳೆಯುವ ರಿವಾ-ರೋಚಿಯ ಉಪಕರಣ ಬಂದುದಾದರೋ 1896ರಲ್ಲಿ. ಎಂದರೆ ಒತ್ತಡವನ್ನು ಅಳೆಯುವುದಕ್ಕೆ ನಾಲ್ಕು ದಶಕ ಮುಂಚೆಯೇ ಅದರ ಹಾವಳಿಯನ್ನು ವೈದ್ಯರು ಕಣ್ಣಿನೊಳಗೆ ಕಂಡಿದ್ದರು.

ಈ ನಂಜು ಏರುವ ಬಗೆ ಹೀಗೆ: ಮಾಸು ಗರ್ಭಕೋಶದ ರಕ್ತನಾಳಗಳಲ್ಲಿ ಸರಿಯಾಗಿ ಬೇರೂರದೆ ಹೋದಾಗ ಅದರಿಂದ ಹೊರಡುವ ದ್ರವ್ಯಗಳು ತಾಯಿಯ ನಾಳಗಳ ಒಳಪದರವನ್ನು ಕೆಡಿಸುತ್ತವೆ. ಒತ್ತಡವು 140/90ನ್ನು ಮೀರುತ್ತದೆ. ಅಕ್ಷಿಪಟಲದ ಕೆಳಗೆ ನೀರು ಸೇರಿ ನೋಟ ಮಸುಕಾಗಬಹುದು. ಮೆದುಳಿನ ಹಿಂಭಾಗವು ಊದಿಕೊಂಡರಂತೂ, ಕಣ್ಣು ನಿರ್ದುಷ್ಟವಾಗಿದ್ದೂ ಕಾಣದಿರುವ ವಿಚಿತ್ರ ಕುರುಡುತನ ಉಂಟಾಗುತ್ತದೆ. ಹೆರಿಗೆಯಾದ ಕೆಲವು ದಿನ ಅಥವಾ ವಾರಗಳಲ್ಲಿ ದೃಷ್ಟಿಯು ಬಹುಮಟ್ಟಿಗೆ ಮರಳುವುದು ಸಮಾಧಾನದ ಸಂಗತಿಯಾದರೂ, ಕಣ್ಮಂಜಿನ ಬೆನ್ನಿಗೇ ಸೆಳವು ಬಂದೀತೆಂಬುದು ನಿಜವಾದ ಭಯ.

ತುಂಗಭದ್ರೆಗೆ ಅಡ್ಡಲಾಗಿ ಕಟ್ಟೆಯೇಳುತ್ತಿದ್ದ 1945ರಿಂದ 1953ರವರೆಗಿನ ಕಾಲದಲ್ಲಿ, ಸೆಳವಿನ ಬಾಣಂತಿ ಬಸುರಿಯರನ್ನು ಸದ್ದಿಲ್ಲದ ಕತ್ತಲೆ ಕೋಣೆಯಲ್ಲಿ ಮಲಗಿಸಿ ನಿದ್ರೌಷಧ ಕೊಡುವ ಹಳೆಯ ಪದ್ಧತಿಯಿನ್ನೂ ಅಳಿದಿರಲಿಲ್ಲ. ವೈದ್ಯ ಪ್ರಿಚರ್ಡ್ ಸೆಳವಿಗೆ ಮೆಗ್ನೀಸಿಯಂ ಸಲ್ಫೇಟಿನ ಚಿಕಿತ್ಸಾಕ್ರಮವನ್ನು ಪ್ರಕಟಿಸಿದ್ದು 1955ರಲ್ಲಿ. 33 ದೇಶಗಳ ಸುಮಾರು 10,000 ಸ್ತ್ರೀಯರ ಮೇಲೆ ನಡೆದ ಮ್ಯಾಗ್ಪೈ ಪ್ರಯೋಗವು ಸೆಳವಿನ ಅಪಾಯವನ್ನು ಆ ಔಷಧವು ಅರ್ಧಕ್ಕಿಳಿಸುವುದೆಂದು ಸ್ಥಾಪಿಸಿದ್ದು 2002ರಲ್ಲಿ. ಇಂದು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ನರ್ಸಮ್ಮನೇ ಅದನ್ನು ಎರಡೂ ಪಿರ್ರೆಗಳಿಗೆ ಐದೈದು ಗ್ರಾಂ ಚುಚ್ಚಬಹುದು.

ಇಷ್ಟಾಗಿಯೂ ಚೈತ್ರ ವೈಶಾಖದ ಹೊಸಪೇಟೆಯಲ್ಲಿ "ಬಿಸ್ಲಿಗೆ ಹಂಗಾಗ್ತೈತಿ ಬಿಡವ್ವ" ಎನ್ನುವ ಅತ್ತೆಯ ಸಾಂತ್ವನವು ಎಲ್ಲ ಔಷಧಕ್ಕಿಂತ ಮೊದಲು ಬಂದುಬಿಡುತ್ತದೆ. ಆಕೆಯನ್ನು ನಾನು ದೂರಲಾರೆ, ಆ ಬಿಸಿಲಿಗೆ ಯಾರ ಕಣ್ಣು ಕತ್ತಲೆಗಟ್ಟದು! ಬೆಳಗಾವಿ, ಬಾಗಲಕೋಟೆಗಳಲ್ಲಿ 2014ರಿಂದ 2016ರವರೆಗೆ ಆಶಾ ಕಾರ್ಯಕರ್ತೆಯರ ಕೈಗೆ ಮೊಬೈಲ್ ಕೊಟ್ಟು ಮನೆಬಾಗಿಲಲ್ಲೇ ಬಿ.ಪಿ. ನೋಡಿಸಿದ ಕ್ಲಿಪ್ ಪ್ರಯೋಗವೂ ಒಟ್ಟಾರೆ ಅನಾಹುತಗಳನ್ನು ತಗ್ಗಿಸಿತೆಂದು ತೋರಿಸಲಾರದೆ ಹೋಯಿತು. ನನಗೆ ಹೆಚ್ಚು ಚಿಂತೆಯೆನಿಸುವುದು ತವರಿನ ಪಯಣ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ, ಒತ್ತಡವೇರುವ ದಿನಗಳಲ್ಲಿಯೇ ಊರು ಬದಲಿಸುವ ಮಗಳು ಕಾರ್ಡನ್ನು ಅತ್ತೆಮನೆಯ ಟ್ರಂಕಿನಲ್ಲಿ ಬಿಟ್ಟುಬಂದರೆ, ಆಕೆಯ ಹಿಂದಿನ ಬಿ.ಪಿ. ಎಷ್ಟಿತ್ತೆಂಬುದನ್ನು ತವರಿನ ನರ್ಸಮ್ಮ ಆಕೆಯ ಬಾಯಿಂದಲೇ ಕೇಳಿ ತಿಳಿಯಬೇಕು.