ಅಧಿಕಾರಿಯ ಮನೆ ವಿಳಾಸ ಕೇಳಬಹುದಾ?

ನಮ್ಮ ರಾತ್ರಿ ತರಗತಿಯಲ್ಲಿ ಒಬ್ಬ ಅಕ್ಕ ಕೇಳಿದರು.

"ಟೀಚರ್, ನಮ್ಮ ಬೀದಿಗೆ ನೀರಿನ ಪೈಪು ಹಾಕಿದ ಲೆಕ್ಕ ಬೇಕು. ಪಂಚಾಯಿತಿ ಅಧಿಕಾರಿ ಕಚೇರಿಯಲ್ಲಿ ಸಿಗೋದೇ ಇಲ್ಲ. ಅವರ ಮನೆ ಎಲ್ಲಿ ಅಂತ ಅರ್ಜಿ ಹಾಕಿ ಕೇಳಬಹುದಾ?"

ಒಳ್ಳೆಯ ಪ್ರಶ್ನೆ. ನಾವೆಲ್ಲ ಕೂತು ಮಾತಾಡಿದೆವು.

2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಸರ್ಕಾರಿ ಕಚೇರಿಯ ಕಾಗದಪತ್ರ ನೋಡುವ ಹಕ್ಕು ನಮಗೆ ಸಿಕ್ಕಿತು. ಕಚೇರಿಯಲ್ಲಿ ಯಾರು ಯಾರು ಇದ್ದಾರೆ, ಅವರ ತಿಂಗಳ ಸಂಬಳ ಎಷ್ಟು, ಇದನ್ನು ಕಚೇರಿಯೇ ಪ್ರಕಟಿಸಬೇಕು. ನಾವು ಕೇಳುವ ತನಕ ಕಾಯುವಂತಿಲ್ಲ.

ಮನೆ ವಿಳಾಸದ ಮಾತು ಬೇರೆ. ಅದು ಅವರ ಸ್ವಂತ ವಿಷಯ. ಕಚೇರಿ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ಕೊಡಬೇಕಿಲ್ಲ ಅಂತ ಆ ಕಾಯ್ದೆಯೇ ಹೇಳಿತ್ತು.

ಯಾಕೆ? ಕಳ್ಳ ಮರಳಿನ ಲಾರಿ ಹಿಡಿದ ಅಧಿಕಾರಿ ಇದ್ದಾರೆ ಅನ್ನಿ. ಸಿಟ್ಟಾದವರು ರಾತ್ರಿ ಅವರ ಮನೆ ಬಾಗಿಲಿಗೆ ಬಂದರೆ? ಮನೆಯಲ್ಲಿ ಮಕ್ಕಳು ಮಾತ್ರ ಇದ್ದರೆ? ಆ ಅಧಿಕಾರಿ ಒಬ್ಬಳೇ ಇರುವ ಹೆಣ್ಣುಮಗಳಾದರೆ? ಈ ಭಯ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದು ತೀರ್ಪು ಕೊಟ್ಟರು. ಖಾಸಗಿ ಬದುಕು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದರು. ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಅಧಿಕಾರಿಗೂ ಇದೆ, ನಿಮಗೂ ಇದೆ.

ಆದರೆ ಒಂದು ತೊಡಕಿದೆ. 2023ರಲ್ಲಿ ಇನ್ನೊಂದು ಕಾನೂನು ಆಯಿತು. ಅದು ಮಾಹಿತಿ ಹಕ್ಕಿನ ಆ ನಿಯಮವನ್ನು ಬದಲಾಯಿಸಿತು. ಬದಲಾವಣೆ ಜಾರಿಗೆ ಬಂದಿದ್ದು 2025ರ ನವೆಂಬರಿನಲ್ಲಿ. ಈಗ ಆ ನಿಯಮ ಗಿಡ್ಡವಾಗಿದೆ. ಯಾರದೇ ಸ್ವಂತ ಮಾಹಿತಿ ಕೊಡಬೇಕಿಲ್ಲ, ಅಷ್ಟೇ. ಕಚೇರಿ ಕೆಲಸಕ್ಕೆ ಸಂಬಂಧ ಇದೆಯೋ ಇಲ್ಲವೋ ಅನ್ನುವ ಮಾತು ಅದರಲ್ಲಿ ಉಳಿದಿಲ್ಲ. ಲೆಕ್ಕ ಕೇಳಿದರೂ "ಅದು ಸ್ವಂತ ವಿಷಯ" ಅನ್ನುವವರು ಬರಬಹುದು. ನನಗಿರುವ ಅಳುಕು ಅದೇ.

ಹಾಗಂದರೆ ಸುಮ್ಮನೆ ಬರಬೇಡಿ. ಮಾಹಿತಿ ಕೊಡುವುದರಿಂದ ಆಗುವ ಹಾನಿಗಿಂತ ಜನರ ಹಿತ ದೊಡ್ಡದಾದರೆ ಕೊಡಬಹುದು. ಈ ಮಾತು ಕಾಯ್ದೆಯಲ್ಲಿ ಈಗಲೂ ಇದೆ. ಎಂಟನೇ ಕಲಮು, ಎರಡನೇ ಉಪಕಲಮು. ಬರೆದಿಟ್ಟುಕೊಳ್ಳಿ.

ಪೈಪಿನ ಬಿಲ್ಲು ಯಾರ ಸ್ವಂತದ್ದೂ ಅಲ್ಲ. ಹತ್ತು ರೂಪಾಯಿ ಶುಲ್ಕ. ಬಿ.ಪಿ.ಎಲ್. ಕಾರ್ಡು ಇದ್ದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಯಾಕೆ ಬೇಕು ಅಂತ ನೀವು ಹೇಳಬೇಕಿಲ್ಲ. ಉತ್ತರ ಕಳಿಸಲು ಬೇಕಾದಷ್ಟು ವಿವರ ಕೊಟ್ಟರೆ ಸಾಕು.

ಆ ಅಕ್ಕ ಅರ್ಜಿಯಲ್ಲಿ ಮನೆ ವಿಳಾಸದ ಸಾಲನ್ನು ಹೊಡೆದು ಹಾಕಿದರು. ಪೈಪು ಎಷ್ಟು ಅಡಿ, ದುಡ್ಡು ಎಷ್ಟು ಅಂತ ಬರೆದರು. ಕೆಳಗೆ ತಮ್ಮ ಕೈಯಾರೆ ಸಹಿ ಹಾಕಿದರು.